ರಿಲಯನ್ಸ್ ಶೇರು, 0.99 ಆರ್ ಸ್ಕ್ವೇರ್ ಮತ್ತು ಉಲ್ಟಾ ಇದ್ದ ಎಕ್ಸೆಲ್ ಹಾಳೆ: ಬೆಳಗಾವಿಯ ಒಂದು ಪ್ರಕರಣ

ಬೆಳಗಾವಿಯ ಒಂದು ಕಾಲೇಜಿನಲ್ಲಿ ಎಂಬಿಎ ಕೊನೆಯ ಸೆಮಿಸ್ಟರ್ ಓದುತ್ತಿದ್ದ ಹುಡುಗಿಯ ಪ್ರಾಜೆಕ್ಟ್ ಇದು. ವಿಷಯ: ಲೀನಿಯರ್ ರಿಗ್ರೆಶನ್ (ಸಂಖ್ಯೆಗಳಿಗೆ ಒಂದು ನೇರ ಗೆರೆ ಹೊಂದಿಸಿ ಊಹಿಸುವ ವಿಧಾನ) ಬಳಸಿ ಶೇರಿನ ಮರುದಿನದ ರಿಟರ್ನ್, ಅಂದರೆ ಬೆಲೆ ಎಷ್ಟು ಪರ್ಸೆಂಟ್ ಏರುತ್ತದೆ ಇಲ್ಲವೇ ಇಳಿಯುತ್ತದೆ ಅನ್ನುವುದರ ಮುನ್ಸೂಚನೆ. ಆರಿಸಿಕೊಂಡ ಶೇರು ರಿಲಯನ್ಸ್. ಡೇಟಾ 2019ರಿಂದ 2024ರ ಕೊನೆಯವರೆಗೆ. ಕೋಡ್ ಪೈಥಾನ್‌ನಲ್ಲಿ, ಪಾಂಡಾಸ್ ಮತ್ತು ಸೈಕಿಟ್-ಲರ್ನ್ ಲೈಬ್ರರಿಗಳ ಜೊತೆ. ಟಿಳಕವಾಡಿಯಲ್ಲಿರುವ ನಮ್ಮ ಚಿಕ್ಕ ಆಫೀಸಿಗೆ ಅವಳು ಲ್ಯಾಪ್‌ಟಾಪ್ ಹಿಡಿದು ಬಂದದ್ದು ಒಂದೇ ಒಂದು ಎರರ್ ಬಿಡಿಸಿಕೊಳ್ಳೋಕೆ.

"ಅಣ್ಣಾ, ಪ್ರಿಡಿಕ್ಟ್ ಲೈನಿಗೆ ಬಂದು ನಿಂತ್ ಬಿಡ್ತೈತಿ. ಇದೊಂದು ಸರಿ ಮಾಡಿ ಕೊಟ್ರ ಸಾಕು."

ಈ ಪ್ರಾಜೆಕ್ಟಿಗೆ ಮನೆಯಲ್ಲೂ ಒಬ್ಬರು ಗಿರಾಕಿ ಇದ್ದರು, ಅವಳ ಕಾಕಾ. ಖಡೇಬಜಾರಿನಲ್ಲಿ ಬಟ್ಟೆ ಅಂಗಡಿ. ಲಾಕ್‌ಡೌನ್ ಕಾಲದಲ್ಲಿ ಡಿಮ್ಯಾಟ್ ಖಾತೆ ತೆರೆದವರು. ಅಣ್ಣನ ಮಗಳು ನಾಳೆಯ ರೇಟು ಹೇಳುವ ಕೋಡ್ ಬರೀತಾ ಇದ್ದಾಳೆ ಅಂತ ಗೊತ್ತಾದ ಮೇಲೆ ಅವರು ಸುಮ್ನೆ ಕೂರುವ ಪೈಕಿ ಅಲ್ಲ. ಕೋಡಿನ ತಪ್ಪು ಬರೀ ಅಂಕಪಟ್ಟಿಯಲ್ಲಿ ಮುಗಿಯದೆ ಅಂಗಡಿಯ ಗಲ್ಲೆಯವರೆಗೂ ಹೋಗುವ ಸಾಧ್ಯತೆ ಇತ್ತು.

ಮೊದಲ ಎರರ್

ಎರರ್ ಸಂದೇಶ ಈ ಕೆಲಸ ಮಾಡುವ ಎಲ್ಲರೂ ಒಮ್ಮೆಯಾದರೂ ನೋಡಿರುವಂಥದ್ದು: 'ಎಕ್ಸ್‌ಪೆಕ್ಟೆಡ್ 2ಡಿ ಅರೇ, ಗಾಟ್ 1ಡಿ ಅರೇ ಇನ್‌ಸ್ಟೆಡ್'. ಮಾಡೆಲ್ ಕಲಿತದ್ದು ನಾಲ್ಕು ಕಾಲಂಗಳ ಕೋಷ್ಟಕದಿಂದ. ಓಪನ್ (ದಿನದ ಆರಂಭದ ಬೆಲೆ), ಹೈ (ಅತಿ ಹೆಚ್ಚು), ಲೋ (ಅತಿ ಕಡಿಮೆ), ವಾಲ್ಯೂಮ್ (ವ್ಯವಹಾರದ ಪ್ರಮಾಣ). ಪ್ರಿಡಿಕ್ಟ್ ಮಾಡುವಾಗ ಅವಳು ಕೊಟ್ಟದ್ದು ನಾಲ್ಕು ಸಂಖ್ಯೆಗಳ ಒಂದು ಸಾಲು ಪಟ್ಟಿ. ಸೈಕಿಟ್-ಲರ್ನ್‌ಗೆ ಒಂದೇ ದಿನದ ಲೆಕ್ಕ ಕೇಳಿದರೂ ಸಾಲು ಮತ್ತು ಕಾಲಂ ಎರಡೂ ಇರುವ ಕೋಷ್ಟಕವೇ ಬೇಕು.

ಆ ಸಂದೇಶದ ಕೆಳಗೇ ಎರಡು ಸಲಹೆ ಇರುತ್ತವೆ. ಒಂದೇ ಫೀಚರ್ (ಕಾಲಂ) ಇದ್ದರೆ ರೀಶೇಪ್ ಮೈನಸ್ 1, 1. ಒಂದೇ ಸ್ಯಾಂಪಲ್ (ಸಾಲು) ಇದ್ದರೆ ರೀಶೇಪ್ 1, ಮೈನಸ್ 1. ಅವಳು ಮೊದಲನೆಯದನ್ನು ಎತ್ತಿ ಹಾಕಿದ್ದಳು. ಒಂದು ದಿನದ ನಾಲ್ಕು ಸಂಖ್ಯೆ ನಾಲ್ಕು ದಿನದ ಒಂದೊಂದು ಸಂಖ್ಯೆ ಆಯಿತು. ಆಗ ಬಂದ ಎರರ್ ಬೇರೆ: ಎಕ್ಸ್‌ನಲ್ಲಿ 1 ಫೀಚರ್ ಇದೆ, ಮಾಡೆಲ್‌ಗೆ 4 ಬೇಕು. ಎರಡನೆಯ ಸಲಹೆ ಹಾಕಿದರೆ ಕೋಡ್ ಓಡುತ್ತದೆ. ಆದರೂ ನಾನು ಅದನ್ನು ಹಾಕಿಸಲಿಲ್ಲ. ಅದೇ ಕಾಲಂ ಹೆಸರುಗಳಿರುವ ಒಂದು ಸಾಲಿನ ಡೇಟಾಫ್ರೇಮ್ (ಪಾಂಡಾಸ್ ಕೋಷ್ಟಕ) ಕೊಡಿಸಿದೆ. ಬರೀ ಸಂಖ್ಯೆಗಳ ಅರೇ ಕೊಟ್ಟರೆ ಹೈ ಇದ್ದಲ್ಲಿ ಲೋ ಹೋದರೂ ಮಾಡೆಲ್ ತುಟಿ ಬಿಚ್ಚುವುದಿಲ್ಲ. ಹೆಸರು ಅದಲು ಬದಲಾದರೆ ಜಗಳ ತೆಗೆಯುತ್ತದೆ. ಜಗಳ ತೆಗೆಯುವ ಕೋಡೇ ಒಳ್ಳೆಯದು.

ಕೆಲಸ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕೋಡ್ ಓಡಿದ ಕೂಡಲೇ ಪರದೆ ಮೇಲೆ ಬಂದ ಸಂಖ್ಯೆ ನೋಡಿದಾಗ ಬಿಡೋ ಮನಸ್ಸಾಗಲಿಲ್ಲ. ಟೆಸ್ಟ್ ಡೇಟಾದ (ಪರೀಕ್ಷೆಗೆ ಅಂತ ಎತ್ತಿಟ್ಟ ದಿನಗಳ) ಮೇಲೆ ಆರ್ ಸ್ಕ್ವೇರ್ 0.99 ದಾಟಿತ್ತು. ಆರ್ ಸ್ಕ್ವೇರ್ ಅಂದರೆ ಊಹೆ ನಿಜಕ್ಕೆ ಎಷ್ಟು ಹತ್ತಿರ ಅನ್ನುವ ಅಂಕ: ಪೂರ್ತಿ ಸರಿಯಾದರೆ 1, ಬರೀ ಸರಾಸರಿ ಹೇಳಿದಷ್ಟೇ ಆದರೆ 0.

"ನೋಡ್ರಿ ಅಣ್ಣಾ, ಎಷ್ಟ್ ಚೊಲೊ ಬಂದೈತಿ!"

0.99 ಎಲ್ಲಿಂದ ಬಂತು

ಮೊದಲ ಕಾರಣ ಕಣ್ಣಿಗೆ ರಾಚುವಂತಿತ್ತು. ಅವಳ ಮಾಡೆಲ್ ಊಹಿಸುತ್ತಿದ್ದದ್ದು ಅದೇ ದಿನದ ಕ್ಲೋಸ್, ಅಂದರೆ ಮುಕ್ತಾಯದ ಬೆಲೆ. ಊಹಿಸಲು ಬಳಸಿದ್ದು ಅದೇ ದಿನದ ಹೈ ಮತ್ತು ಲೋ. ಕ್ಲೋಸ್ ಯಾವತ್ತೂ ಹೈ ಮತ್ತು ಲೋ ನಡುವೆಯೇ ಇರುತ್ತದೆ, ಅಲ್ವಾ? ಆ ದಿನದ ಹೈ ಎಷ್ಟು ಅಂತ ಖಚಿತವಾಗಿ ಗೊತ್ತಾಗುವುದು ಮಧ್ಯಾಹ್ನ 3:30ಕ್ಕೆ ಪೇಟೆ ಮುಚ್ಚಿದ ಮೇಲೆ. ಅಷ್ಟೊತ್ತಿಗೆ ಕ್ಲೋಸ್ ಕೂಡ ಗೊತ್ತಾಗಿರುತ್ತದೆ. ಈ ಡೇಟಾದ ವರ್ಷಗಳಲ್ಲಿ ಶೇರು ವಿನಿಮಯ ಕೇಂದ್ರ ಎನ್‌ಎಸ್‌ಇಯಲ್ಲಿ ಕ್ಲೋಸ್ ಅಂದರೆ ಕಟ್ಟಕಡೆಯ ವ್ಯವಹಾರದ ರೇಟೂ ಅಲ್ಲ. 3ರಿಂದ 3:30ರ ತನಕ ನಡೆದ ವ್ಯವಹಾರಗಳನ್ನು ಪ್ರಮಾಣದ ತೂಕ ಹಾಕಿ ತೆಗೆದ ಸರಾಸರಿ ಅದು. ಮ್ಯಾಚ್ ಮುಗಿದ ಮೇಲೆ ಸ್ಕೋರ್ ಹೇಳಿದಂಗೆ ಆಯಿತು.

ಸರಿ, ಟಾರ್ಗೆಟ್ (ಊಹಿಸಬೇಕಾದ ಸಂಖ್ಯೆ) ಬದಲಿಸಿ ಮರುದಿನದ ಕ್ಲೋಸ್ ಹಾಕಿದೆವು. ಈಗಲಾದರೂ ಬೀಳಬೇಕಲ್ಲ? ಬೀಳಲಿಲ್ಲ. ಆಗಲೂ 0.99ರ ಆಸುಪಾಸು. ಹುಡುಗಿಗೆ ಮತ್ತೆ ಖುಷಿ. ಇಲ್ಲಿ ಪೆನ್ನು ಹಾಳೆ ತೆಗೆದು ಕೂತೆವು.

ಒಂದು ಶೇರಿನ ಬೆಲೆ ಕೆಲವು ವರ್ಷಗಳಲ್ಲಿ ತನ್ನ ಸರಾಸರಿಯಿಂದ ಅತ್ತಿತ್ತ ಹೋಗುವ ಸ್ಟ್ಯಾಂಡರ್ಡ್ ಡೀವಿಯೇಶನ್ 500 ರೂಪಾಯಿ ಅಂದುಕೊಳ್ಳಿ. ಈಗ ಏನೂ ಗೊತ್ತಿಲ್ಲದವನೊಬ್ಬ "ನಾಳೆಯ ಬೆಲೆ ಇವತ್ತಿನಷ್ಟೇ" ಅಂತ ದಿನಾ ಹೇಳುತ್ತಾನೆ. ಅವನ ಮಾಮೂಲಿ ತಪ್ಪು ದಿನಕ್ಕೆ 40 ರೂಪಾಯಿ ಇರಲಿ. 40ರ ವರ್ಗ 1,600. 500ರ ವರ್ಗ 2,50,000. ಭಾಗಿಸಿದರೆ 0.0064. ಒಂದರಿಂದ ಕಳೆದರೆ ಆರ್ ಸ್ಕ್ವೇರ್ 0.9936. ರಿಗ್ರೆಶನ್ ಬೇಡ, ಪೈಥಾನ್ ಬೇಡ, ಎಂಬಿಎ ಕೂಡ ಬೇಡ.

ಅವಳ ಮಾಡೆಲ್ ಮಾಡುತ್ತಿದ್ದದ್ದೂ ಇಷ್ಟೇ. ಈ ಹೊಸ ಟಾರ್ಗೆಟ್ ಹಾಕಿ ರಿಪೋರ್ಟಿಗೆ ಅಂತ ತೆಗೆದ ಗ್ರಾಫಿನಲ್ಲಿ ಆರು ವರ್ಷ ಒಟ್ಟಿಗೆ ಇತ್ತು. ನಿಜ ಬೆಲೆಯ ನೀಲಿ ಗೆರೆ, ಊಹೆಯ ಕೆಂಪು ಗೆರೆ, ಎರಡೂ ಒಂದರ ಮೇಲೊಂದು ಅಂಟಿಕೊಂಡಿದ್ದವು. ಅದರಲ್ಲಿ ಒಂದು ತಿಂಗಳನ್ನು ಮಾತ್ರ ದೊಡ್ಡದು ಮಾಡಿ ನೋಡಿದೆವು. ಕೆಂಪು ಗೆರೆ ನೀಲಿಯ ಹಿಂದೆ ಸರಿಯಾಗಿ ಒಂದು ದಿನ ತಡವಾಗಿ ನಡೆಯುತ್ತಿತ್ತು. ಬೆಲೆ ಸೋಮವಾರ ಬಿದ್ದರೆ ಊಹೆ ಮಂಗಳವಾರ ಬೀಳುತ್ತದೆ. ಬೆಲೆ ಏರಿದ ಮರುದಿನ ಊಹೆ ಏರುತ್ತದೆ. ಶೇರು ಮುನ್ಸೂಚನೆಯ ಯಾವುದೇ ಗ್ರಾಫ್ ಯಾರಾದರೂ ತೋರಿಸಿದರೆ ನಾನು ಮೊದಲು ಕೇಳುವುದು ಇದನ್ನೇ: ಒಂದು ತಿಂಗಳು ಝೂಮ್ ಮಾಡಿ ತೋರಿಸಿ.

ಈ ಮೋಸ ಹಳೆಯದು. ಕಾಲದ ಜೊತೆ ಅಲೆಯುತ್ತಾ ಹೋಗುವ ಎರಡು ಸರಣಿಗಳ ನಡುವೆ ಅರ್ಥವಿಲ್ಲದ ಸಂಬಂಧ ಕಾಣುತ್ತದೆ ಅಂತ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲೇ ತೋರಿಸಿದ್ದರು. 1974ರಲ್ಲಿ ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ ಇದನ್ನೇ ರಿಗ್ರೆಶನ್‌ಗೆ ಹಿಡಿದು, ಗೊತ್ತುಗುರಿಯಿಲ್ಲದೆ ಅಲೆಯುವ, ಒಂದಕ್ಕೊಂದು ಸಂಬಂಧವೇ ಇಲ್ಲದ ರ್‍ಯಾಂಡಮ್ ವಾಕ್‌ಗಳ ನಡುವೆಯೂ ಆರ್ ಸ್ಕ್ವೇರ್ ಜೋರಾಗಿ ಬರುತ್ತದೆ ಅಂದರು. ಅದಕ್ಕೇ ಬೆಲೆ ಬಿಟ್ಟು ರಿಟರ್ನ್ ಮೇಲೆ ಕೆಲಸ ಮಾಡುವುದು. ಪ್ರಾಜೆಕ್ಟಿನ ಶೀರ್ಷಿಕೆಯಲ್ಲಿ ರಿಟರ್ನ್ ಅಂತಲೇ ಇತ್ತು. ಕೋಡಿನಲ್ಲಿ ಮಾತ್ರ ಇರಲಿಲ್ಲ.

ರಿಟರ್ನ್‌ಗೆ ಬಂದ ಮೇಲೆ

ರಿಟರ್ನ್ ಕಾಲಂ ಅವಳ ಎಕ್ಸೆಲ್ ಫೈಲಿನಲ್ಲಿ ಆಗಲೇ ಇತ್ತು, ಬಳಸಿರಲಿಲ್ಲ ಅಷ್ಟೇ. ಇವತ್ತಿನ ಕ್ಲೋಸ್, ನಿನ್ನೆಯ ಕ್ಲೋಸ್, ವ್ಯತ್ಯಾಸ ಭಾಗಿಸು ನಿನ್ನೆಯದು. ಅದರ ಪಕ್ಕದಲ್ಲಿ 'ಮರುದಿನದ ರಿಟರ್ನ್' ಅಂತ ಇನ್ನೊಂದು ಕಾಲಂ. ಎರಡೂ ಸರಿಯಾಗಿದ್ದವು, ಒಂದೊಂದು ಸಾಲು ಕೈಯಲ್ಲಿ ಲೆಕ್ಕ ಹಾಕಿ ನೋಡಿದೆವು.

ಮಾಡೆಲ್‌ಗೆ ಕೈ ಹಾಕುವ ಮೊದಲು ರಿಟರ್ನ್ ಕಾಲಂನ ಅತಿ ಕಡಿಮೆ ಹತ್ತು ಸಂಖ್ಯೆ ತೆಗೆಸಿದೆ. ಎಲ್ಲಕ್ಕಿಂತ ಕೆಳಗೆ ಇದ್ದದ್ದು ಮೈನಸ್ 50 ಪರ್ಸೆಂಟಿನ ಹತ್ತಿರ. ದಿನಾಂಕ 28 ಅಕ್ಟೋಬರ್ 2024. ಹಿಂದಿನ ದಿನ 2,650ರ ಆಸುಪಾಸು, ಅವತ್ತು 1,330ರ ಆಸುಪಾಸು. ಕಾಕಾ ಬಳಿ ರಿಲಯನ್ಸ್ ಶೇರು ಇತ್ತು, ಅವರಿಗೇ ಫೋನ್ ಹಚ್ಚಿದಳು. ಅವರು ನಕ್ಕರಂತೆ: "ಅವತ್ತ ಬೋನಸ್ ಬಂದಿತ್ತಲೇ ತಂಗಿ, ಒಂದಕ್ಕ ಒಂದು." ಶೇರು ಎರಡು ಪಟ್ಟು ಆಯಿತು, ಬೆಲೆ ಅರ್ಧ ಆಯಿತು. ಯಾರಿಗೂ ಒಂದು ರೂಪಾಯಿ ನಷ್ಟವಿಲ್ಲ. ಅವಳ ಫೈಲಿನಲ್ಲಿದ್ದದ್ದು ಬೋನಸ್‌ಗೆ ಹೊಂದಿಸದ ಕಚ್ಚಾ ಬೆಲೆ.

ಇನ್ನೂ ಒಂದು ಇಂಥದ್ದೇ ಇತ್ತು, ಆದರೆ ಅಷ್ಟು ಸುಲಭಕ್ಕೆ ಸಿಗುವಂಥದ್ದಲ್ಲ. 20 ಜುಲೈ 2023. ರಿಲಯನ್ಸ್ ಒಳಗಿಂದ ಜಿಯೋ ಫೈನಾನ್ಶಿಯಲ್ ಕಂಪನಿ ಬೇರೆಯಾದ (ಡಿಮರ್ಜರ್) ದಿನ. ಅದಕ್ಕಾಗಿ ಬೆಳಗ್ಗೆ ವಿಶೇಷ ಪ್ರೀ-ಓಪನ್ ಸೆಶನ್ ನಡೆದು ಎನ್‌ಎಸ್‌ಇಯಲ್ಲಿ ರಿಲಯನ್ಸ್ ಬೆಲೆ 2,580 ಅಂತ ನಿಂತಿತು. ಹಿಂದಿನ ದಿನದ ಕ್ಲೋಸ್ 2,841.85. ನಡುವಿನ 261.85 ರೂಪಾಯಿ ಹೊಸ ಕಂಪನಿಯ ಪಾಲು. ಕಚ್ಚಾ ಡೇಟಾದಲ್ಲಿ ಇದು ದೊಡ್ಡ ಕುಸಿತದ ಹಾಗೆ ಕಾಣುತ್ತದೆ. ಇಷ್ಟು ಬೀಳುವ ದಿನಗಳು ನಿಜವಾಗಿಯೂ ಇರುತ್ತವಾದ್ದರಿಂದ ಅನುಮಾನ ಬರುವುದಿಲ್ಲ.

ಹಾಗಂತ ಕೆಳಗಿನ ಸಂಖ್ಯೆಗಳನ್ನೆಲ್ಲ ಅಳಿಸಿದರೆ ಅದೂ ತಪ್ಪು. 23 ಮಾರ್ಚ್ 2020ರಂದು ಪೇಟೆಯ ಸೂಚ್ಯಂಕ ನಿಫ್ಟಿ ಒಂದೇ ದಿನ 12.98 ಪರ್ಸೆಂಟ್ ಬಿತ್ತು. ರಿಲಯನ್ಸ್ ಕೂಡ ಜೊತೆಗೆ ಬಿತ್ತು. ಅದು ನಿಜವಾದ ನಷ್ಟ, ಜನ ನಿಜವಾಗಿ ದುಡ್ಡು ಕಳೆದುಕೊಂಡರು. ಔಟ್‌ಲಯರ್ (ಉಳಿದವುಗಳಿಂದ ತೀರಾ ದೂರದ ಸಂಖ್ಯೆ) ಅಂತ ಒಂದು ಲೈನ್ ಕೋಡ್ ಹಾಕಿ ಮೂರು ಸ್ಟ್ಯಾಂಡರ್ಡ್ ಡೀವಿಯೇಶನ್ ಆಚೆಗಿನದೆಲ್ಲ ಕತ್ತರಿಸುವುದು ಈಗ ಎಲ್ಲರಿಗೂ ರೂಢಿ. ಶೇರು ಡೇಟಾದಲ್ಲಿ ಅದನ್ನು ಮಾಡಬೇಡಿ ಅಂತ ನಾನು ಹೇಳುತ್ತೇನೆ. ಪ್ರತಿ ದಿನಾಂಕದ ಹಿಂದೆ ಏನಾಗಿತ್ತು ಅಂತ ಹುಡುಕಿ. ಹತ್ತು ದಿನಾಂಕ ಹುಡುಕೋದು ಅಷ್ಟೇನೂ ಜಾಸ್ತಿ ಕೆಲಸ ಅಲ್ಲ.

ಬೋನಸ್ ಮತ್ತು ಡಿಮರ್ಜರ್ ಹೊಂದಿಸಿದ ಮೇಲೆ ಮಾಡೆಲ್ ಓಡಿಸಿದೆವು. ಫೀಚರ್ ಆಗಿ ಅವಳು ಹಾಕಿದ್ದು ಐದು ದಿನದ ಸರಾಸರಿ ರಿಟರ್ನ್, ಟಾರ್ಗೆಟ್ ಮರುದಿನದ ರಿಟರ್ನ್. ಆರ್ ಸ್ಕ್ವೇರ್ ಬಂದದ್ದು 0.2ರ ಆಸುಪಾಸು.

0.2ರ ಗುಟ್ಟು

0.99 ನೋಡಿದವರಿಗೆ 0.2 ತೀರಾ ಬಡವಾಗಿ ಕಾಣುತ್ತದೆ. ಹುಡುಗಿಯ ಮುಖ ಇಳಿಯಿತು. ನನಗೆ ಮಾತ್ರ ಈ ಸಂಖ್ಯೆಯೇ ಜಾಸ್ತಿ ಅನುಮಾನ ತಂದಿತು. ದಿನದ ರಿಟರ್ನಿನಲ್ಲಿ 0.2 ಆರ್ ಸ್ಕ್ವೇರ್ ನಿಜವಾಗಿಯೂ ಸಿಗುವಂತಿದ್ದರೆ ಅವಳು ಪ್ರಾಜೆಕ್ಟ್ ಬರೆಯುತ್ತಾ ಕೂರಬೇಕಿರಲಿಲ್ಲ.

ಐದು ದಿನದ ಸರಾಸರಿ. ಐದರಲ್ಲಿ ಒಂದು. 0.2. ಇದು ಕಾಕತಾಳೀಯ ಇರಲಿಕ್ಕಿಲ್ಲ ಅನ್ನಿಸಿತು. ಒಂದಕ್ಕೊಂದು ಸಂಬಂಧವಿಲ್ಲದ ಐದು ಸಂಖ್ಯೆಗಳ ಸರಾಸರಿ ತೆಗೆದು, ಆ ಐದರಲ್ಲೇ ಒಂದನ್ನು ಆ ಸರಾಸರಿಯಿಂದ ಊಹಿಸಿದರೆ ಆರ್ ಸ್ಕ್ವೇರ್ ಸರಿಯಾಗಿ ಐದರಲ್ಲಿ ಒಂದು ಭಾಗ ಬರುತ್ತದೆ. ಅಂದರೆ ಊಹಿಸಬೇಕಾದ ಮರುದಿನದ ರಿಟರ್ನ್ ಆ ಐದು ದಿನದ ಸರಾಸರಿಯ ಒಳಗೇ ಎಲ್ಲೋ ಕೂತಿದೆ. ಪರೀಕ್ಷೆ ಮಾಡುವುದು ಸುಲಭ: ಐದು ದಿನದ ಬದಲು ಹತ್ತು ದಿನದ ಸರಾಸರಿ ಹಾಕಿಸಿದೆ. ಆರ್ ಸ್ಕ್ವೇರ್ 0.1ರ ಹತ್ತಿರಕ್ಕೆ ಇಳಿಯಿತು. ಕಳ್ಳ ಸಿಕ್ಕ.

ಆದರೆ ಹೇಗೆ ಒಳಗೆ ಬಂತು? ಐದು ದಿನದ ಸರಾಸರಿ ತೆಗೆಯುವ ರೋಲಿಂಗ್ ಲೈನ್ ಸರಿಯಾಗಿತ್ತು. ಟಾರ್ಗೆಟ್ ಕಾಲಂ ನಾವೇ ಕೈಯಲ್ಲಿ ಪರೀಕ್ಷಿಸಿದ್ದೆವು. ಎಕ್ಸೆಲ್ ಹಾಳೆಯನ್ನು ಮತ್ತೆ ತೆರೆದು ನೋಡಿದರೆ ಉತ್ತರ ಮೊದಲ ಸಾಲಿನಲ್ಲೇ ಇತ್ತು. ಅಲ್ಲಿದ್ದದ್ದು ಡಿಸೆಂಬರ್ 2024. ಕೊನೆಯ ಸಾಲಿನಲ್ಲಿ ಜನವರಿ 2019. ಡೌನ್‌ಲೋಡ್ ಮಾಡಿದ ಫೈಲು ಹೊಸ ದಿನಾಂಕ ಮೇಲೆ, ಹಳೆಯದು ಕೆಳಗೆ ಅಂತ ಬಂದಿತ್ತು. ಎಕ್ಸೆಲ್‌ನಲ್ಲಿ ಅವಳು ಅದನ್ನು ಗಮನಿಸಿ, ನಿನ್ನೆಯ ಬೆಲೆಗೆ ಕೆಳಗಿನ ಸಾಲು, ಮರುದಿನಕ್ಕೆ ಮೇಲಿನ ಸಾಲು ಅಂತ ಸರಿಯಾಗಿಯೇ ಸೂತ್ರ ಹಾಕಿದ್ದಳು. ಪಾಂಡಾಸ್‌ಗೆ ದಿನಾಂಕ ಗೊತ್ತಿಲ್ಲ. ರೋಲಿಂಗ್ 5 ಅಂದರೆ ಈ ಸಾಲು ಮತ್ತು ಇದರ ಮೇಲಿನ ನಾಲ್ಕು ಸಾಲು, ಅಷ್ಟೇ. ಮೇಲಿನ ಸಾಲುಗಳಲ್ಲಿ ಇದ್ದದ್ದು ಮುಂದಿನ ದಿನಗಳು. ಹಿಂದಿನ ಐದು ದಿನದ ಸರಾಸರಿ ಅಂದುಕೊಂಡದ್ದು ಇವತ್ತು ಮತ್ತು ಮುಂದಿನ ನಾಲ್ಕು ದಿನದ ಸರಾಸರಿ ಆಗಿತ್ತು.

ಗಮ್ಮತ್ತಿನ ಸಂಗತಿ ಅಂದರೆ, ಎಲ್ಲವನ್ನೂ ಪೈಥಾನ್‌ನಲ್ಲೇ ಮಾಡಿದ್ದರೆ ಇದು ಸಿಕ್ಕಿಬೀಳುತ್ತಿರಲಿಲ್ಲ. ರಿಟರ್ನ್, ಟಾರ್ಗೆಟ್, ಸರಾಸರಿ ಮೂರೂ ಉಲ್ಟಾ ಆಗಿ, ಭವಿಷ್ಯದಿಂದ ಹಿಂದಿನದನ್ನು ಊಹಿಸುವ ಮಾಡೆಲ್ ತಯಾರಾಗುತ್ತಿತ್ತು. ಆರ್ ಸ್ಕ್ವೇರ್ ಸೊನ್ನೆಯ ಹತ್ತಿರ ಬರುತ್ತಿತ್ತು. ನೋಡಿದವರು "ಹೌದು, ಶೇರು ಪೇಟೆ ಅಂದರೆ ಹಿಂಗೇ" ಅಂತ ಮುಂದೆ ಹೋಗುತ್ತಿದ್ದರು.

ದಿನಾಂಕದ ಪ್ರಕಾರ ಸಾರ್ಟ್ ಮಾಡು ಅಂದೆ. ಮಾಡಿದಳು. ಈಗ ಮೊದಲ ಸಾಲು 01-ಏಪ್ರಿಲ್-2019, ಎರಡನೆಯದು 01-ಏಪ್ರಿಲ್-2020, ಮೂರನೆಯದು 01-ಏಪ್ರಿಲ್-2021! ದಿನಾಂಕದ ಕಾಲಂ ಪಠ್ಯವಾಗಿ ಓದಿಕೊಂಡಿತ್ತು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಏಪ್ರಿಲ್ ಮೊದಲು ಬರುತ್ತದೆ, ಜನವರಿ ಎಷ್ಟೋ ಹಿಂದೆ. ಮೊದಲು ಅದನ್ನು ನಿಜವಾದ ದಿನಾಂಕವಾಗಿ ಬದಲಿಸಿ, ಆಮೇಲೆ ಸಾರ್ಟ್ ಮಾಡಿ, ಆಮೇಲೆ ಎಲ್ಲಾ ಕಾಲಂ ಪೈಥಾನ್‌ನಲ್ಲೇ ಹೊಸದಾಗಿ ಕಟ್ಟಿಸಿದೆವು. ದಿನಾಂಕ ಏರುಕ್ರಮದಲ್ಲಿ ಇಲ್ಲದಿದ್ದರೆ ಕೋಡ್ ಅಲ್ಲೇ ನಿಲ್ಲುವ ಹಾಗೆ ಒಂದು ಅಸರ್ಟ್ ಲೈನ್ ಕೂಡ ಸೇರಿಸಿದೆವು. ಅದೇ ಫೈಲಿನಲ್ಲಿ ಕಾಲಂ ಹೆಸರುಗಳ ಕೊನೆಗೆ ಕಣ್ಣಿಗೆ ಕಾಣದ ಒಂದು ಸ್ಪೇಸ್, ಸಾವಿರದ ನಡುವೆ ಕಾಮಾ ಇದ್ದ ಸಂಖ್ಯೆಗಳು, ಇಂಥ ಕಿರಿಕಿರಿಗಳೂ ಇದ್ದವು. ಅವೆಲ್ಲ ಎರರ್ ಕೊಟ್ಟು ತಾವಾಗೇ ಸಿಕ್ಕಿಬಿದ್ದವು.

ಸರಾಸರಿ ಕಾಲಂನ ಮೊದಲ ಕೆಲವು ಸಾಲು ಖಾಲಿ ಬರುತ್ತವೆ, ಸಹಜ. ಅದನ್ನು ತುಂಬಿಸೋಕೆ ಅವಳು ಬಿ-ಫಿಲ್ ಹಾಕಿದ್ದಳು. ಅದು ಮುಂದಿನ ದಿನದ ಸಂಖ್ಯೆ ತಂದು ಹಿಂದೆ ತುಂಬುತ್ತದೆ. ತೆಗೆಸಿದೆ. ಕಲಿಸುವ ದಿನ, ಪರೀಕ್ಷೆಯ ದಿನ ಅಂತ ಬೇರೆ ಮಾಡುವ ಟ್ರೇನ್-ಟೆಸ್ಟ್ ವಿಂಗಡಣೆಯಲ್ಲಿ ಸಾಲುಗಳನ್ನು ಕಲಸುವ ಶಫಲ್ ಕೂಡ ಆಫ್ ಮಾಡಿಸಿದೆ. ಅದು ತಾನಾಗೇ ಆನ್ ಇರುತ್ತದೆ, 2024ರ ದಿನಗಳನ್ನು ಕಲಿತು 2020ನ್ನು ಊಹಿಸುತ್ತದೆ.

ಮೈನಸ್

ಇಷ್ಟೆಲ್ಲ ಆದ ಮೇಲೆ ಟೆಸ್ಟ್ ಆರ್ ಸ್ಕ್ವೇರ್ ಸೊನ್ನೆಗಿಂತ ಕೂದಲೆಳೆಯಷ್ಟು ಕೆಳಗೆ ಬಂತು. ವರ್ಗ ಅಂತ ಹೆಸರಿದ್ದೂ ಮೈನಸ್ ಹೇಗೆ ಅಂತ ಅವಳಿಗೆ ಗಾಬರಿ. ಸೈಕಿಟ್-ಲರ್ನ್‌ನ ಸ್ಕೋರ್ ಯಾವುದೋ ಒಂದು ಸಂಖ್ಯೆಯನ್ನು ವರ್ಗ ಮಾಡಿ ಬಂದದ್ದಲ್ಲ. ಮಾಡೆಲ್‌ನ ತಪ್ಪನ್ನು ಟೆಸ್ಟ್ ಡೇಟಾದ ಬರೀ ಸರಾಸರಿ ಹೇಳಿದ್ದರೆ ಆಗುತ್ತಿದ್ದ ತಪ್ಪಿನ ಜೊತೆ ಹೋಲಿಸುತ್ತದೆ. ಸರಾಸರಿಗಿಂತಲೂ ಕೆಟ್ಟದಾಗಿ ಊಹಿಸಿದರೆ ಮೈನಸ್.

"ಗೈಡ್ ಸರ್ ಇದನ್ನ ನೋಡಿದ್ರ ಸಹಿ ಹಾಕಂಗಿಲ್ಲ ಅಣ್ಣಾ. ಮೊದಲಿನ 0.99 ಇಟ್ರ ಏನಾಗ್ತೈತಿ?"

ಕಾಕಾಗೆ ಏನು ಹೇಳುತ್ತೀ ಅಂತ ಕೇಳಿದೆ. ಅಷ್ಟರಲ್ಲಿ ಕಾಕಾ ಕೂಡ ಅಂಗಡಿ ಮುಚ್ಚಿ ಬಂದಿದ್ದರು. ವ್ಯಾಪಾರಸ್ಥರಿಗೆ ಆರ್ ಸ್ಕ್ವೇರ್ ಹೇಳುವುದಕ್ಕಿಂತ ಖರ್ಚಿನ ಲೆಕ್ಕ ಹೇಳುವುದು ಸುಲಭ. ಒಂದು ಒಳ್ಳೆಯ ಮಾಡೆಲ್ ಸಿಕ್ಕಿ ಆರ್ ಸ್ಕ್ವೇರ್ 0.01 ಬಂತು ಅಂದುಕೊಳ್ಳೋಣ. ಶೇರಿನ ದಿನದ ಏರಿಳಿತ 1.5 ಪರ್ಸೆಂಟ್ ಇದ್ದರೆ, ಮಾಡೆಲ್ ಹೇಳುವ ಊಹೆ ಮಾಮೂಲಿಯಾಗಿ ಆಡುವುದು ಅದರ ಹತ್ತರಲ್ಲಿ ಒಂದು ಭಾಗ, 0.15 ಪರ್ಸೆಂಟ್. ಇವತ್ತು ಕೊಂಡು ನಾಳೆ ಮಾರಿದರೆ ಡೆಲಿವರಿ ವ್ಯವಹಾರ. ಎಸ್‌ಟಿಟಿ (ಶೇರು ವ್ಯವಹಾರದ ತೆರಿಗೆ) ಕೊಳ್ಳುವಾಗ 0.1, ಮಾರುವಾಗ 0.1 ಪರ್ಸೆಂಟ್. ಕೊಳ್ಳುವಾಗ ಮೇಲೆ 0.015 ಸ್ಟ್ಯಾಂಪ್ ಡ್ಯೂಟಿ. ಒಟ್ಟು 0.215, ಬ್ರೋಕರೇಜ್ ಲೆಕ್ಕಕ್ಕೇ ಹಿಡಿದಿಲ್ಲ.

"ಅಂದ್ರ ಅಸಲಿಗೇ ಹೊಡ್ತ," ಅಂದರು ಕಾಕಾ. ಹಾಗಾದರೆ ಇಂಟ್ರಾಡೇ (ಕೊಂಡದ್ದನ್ನು ಅದೇ ದಿನ ಮಾರುವುದು) ಮಾಡಿದರೆ ತೆರಿಗೆ ಕಡಿಮೆ ಅಲ್ವಾ ಅಂತ ಅವರ ಮುಂದಿನ ಪ್ರಶ್ನೆ. ಕಡಿಮೆ ಹೌದು. ಆದರೆ 2022-23ರಲ್ಲಿ ಈಕ್ವಿಟಿ ಕ್ಯಾಶ್ ವಿಭಾಗದಲ್ಲಿ ಇಂಟ್ರಾಡೇ ಮಾಡಿದ 10 ಜನರಲ್ಲಿ 7 ಜನಕ್ಕೆ ನಷ್ಟ ಅಂತ ಶೇರು ಪೇಟೆಯ ನಿಯಂತ್ರಕ ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಅದನ್ನು ಫೋನಿನಲ್ಲಿ ತೆಗೆದು ತೋರಿಸಿದೆ. ಓದಿದರು, ಏನೂ ಅನ್ನಲಿಲ್ಲ, ನಮಗೆಲ್ಲ ಚಹಾ ಹೇಳಿದರು.

ಪ್ರಾಜೆಕ್ಟ್ ಉಳಿಸುವ ದಾರಿ ಬೇರೆ ಇತ್ತು. ಲೀನಿಯರ್ ರಿಗ್ರೆಶನ್ ಶೇರು ರಿಟರ್ನಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಬೀಟಾ ಅಳೆಯಲು. ರಿಲಯನ್ಸ್‌ನ ದಿನದ ರಿಟರ್ನ್ ಒಂದು ಕಡೆ, ಅದೇ ದಿನದ ನಿಫ್ಟಿ ರಿಟರ್ನ್ ಇನ್ನೊಂದು ಕಡೆ. ಇಲ್ಲಿ ಒಂದೇ ದಿನದ ಡೇಟಾ ಬಳಸುವುದು ತಪ್ಪಲ್ಲ, ಯಾಕಂದರೆ ನಾವು ನಾಳೆಯದನ್ನು ಊಹಿಸುತ್ತಿಲ್ಲ. ಪೇಟೆ ಒಂದು ಪರ್ಸೆಂಟ್ ಆಡಿದರೆ ಈ ಶೇರು ಎಷ್ಟು ಆಡುತ್ತದೆ ಅಂತ ಅಳೆಯುತ್ತಿದ್ದೇವೆ. ವಿಲಿಯಂ ಶಾರ್ಪ್ 1964ರಲ್ಲಿ ಮಂಡಿಸಿದ ಸಿಎಪಿಎಂ (ಬೀಟಾ ಹಿಡಿದು ಶೇರಿನ ನಿರೀಕ್ಷಿತ ರಿಟರ್ನ್ ಹೇಳುವ ಸಿದ್ಧಾಂತ) ಇವಳ ಸಿಲಬಸ್‌ನಲ್ಲೇ ಇತ್ತು. ಒಂದು ಎಚ್ಚರಿಕೆ ಮಾತ್ರ ಬರೆಸಿದೆ: ರಿಲಯನ್ಸ್ ನಿಫ್ಟಿಯ ಒಳಗೇ ದೊಡ್ಡ ತೂಕದ ಶೇರು, ಹಾಗಾಗಿ ಸಂಬಂಧದ ಒಂದು ಪಾಲು ತನ್ನ ಜೊತೆ ತನ್ನದೇ.

ಇದಕ್ಕೆ ಸ್ಟ್ಯಾಟ್ಸ್‌ಮಾಡೆಲ್ಸ್ ಎಂಬ ಇನ್ನೊಂದು ಲೈಬ್ರರಿ ಬಳಸಿದೆವು, ಪಿ-ವ್ಯಾಲ್ಯೂ (ಸಂಬಂಧ ಬರೀ ಆಕಸ್ಮಿಕವೇ ಅಂತ ಪರೀಕ್ಷಿಸುವ ಸಂಖ್ಯೆ) ಬೇಕಿತ್ತು ಅಂತ. ಎರಡು ಕಡೆ ಕಾಲು ಜಾರಿತು. ಸೈಕಿಟ್-ಲರ್ನ್‌ನಲ್ಲಿ ಮೊದಲು ಎಕ್ಸ್ (ಫೀಚರ್) ಆಮೇಲೆ ವೈ (ಟಾರ್ಗೆಟ್), ಇಲ್ಲಿ ಮೊದಲು ವೈ. ಅದಲು ಬದಲಾದರೂ ಎರರ್ ಬರುವುದಿಲ್ಲ, ಬೀಟಾ ಮಾತ್ರ ಬೇರೆ ಬರುತ್ತದೆ. ಎರಡನೆಯದು, ಆ್ಯಡ್-ಕಾನ್‌ಸ್ಟಂಟ್ ಹಾಕದಿದ್ದರೆ ಇಂಟರ್‌ಸೆಪ್ಟ್ (ಗೆರೆಯ ಸ್ಥಿರ ಭಾಗ) ಇರುವುದಿಲ್ಲ, ಆರ್ ಸ್ಕ್ವೇರ್ ಲೆಕ್ಕದ ಬಗೆಯೇ ಬದಲಾಗುತ್ತದೆ. ದಿನದ ರಿಟರ್ನ್ ಸರಾಸರಿ ಸೊನ್ನೆಯ ಹತ್ತಿರ ಇರುವುದರಿಂದ ಇಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ. ಬೆಲೆಯ ಮೇಲೆ ಹೀಗೆ ಮಾಡಿದ್ದರೆ ಮತ್ತೆ 0.99ರ ಮೆರವಣಿಗೆ ಶುರುವಾಗುತ್ತಿತ್ತು.

ಗೈಡ್ ಬೀಟಾ ಅಧ್ಯಾಯ ನೋಡಿ ಒಪ್ಪಿದರು. ಮುನ್ಸೂಚನೆಯ ಅಧ್ಯಾಯ ಪೂರ್ತಿ ತೆಗೆದುಬಿಡು ಅಂತಲೂ ಹೇಳಿದರು. ಹುಡುಗಿ ಒಪ್ಪಲಿಲ್ಲ. 0.99, 0.2, ಮೈನಸ್, ಈ ಮೂರನ್ನೂ ಒಂದೇ ಕೋಷ್ಟಕದಲ್ಲಿ ಇಟ್ಟು, ಪ್ರತಿಯೊಂದರ ಪಕ್ಕದಲ್ಲಿ ಅದು ಹೇಗೆ ಬಂತು ಅಂತ ಒಂದು ಸಾಲು ಬರೆದು, ಕಡೆಗೆ ಅದನ್ನು ಅನುಬಂಧದಲ್ಲಿ ಹಾಕುವ ಒಪ್ಪಂದಕ್ಕೆ ಬಂದರು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಜಾಸ್ತಿ ಹೊತ್ತು ಪ್ರಶ್ನೆ ಕೇಳಿದ್ದು ಆ ಅನುಬಂಧದ ಮೇಲೆ.